ಪೊಲೀಸ್ ಅಪ್ಪ ಹೋದ ಮೇಲೆ ಅಮ್ಮನಿಗೆ ತಿಂಗಳಿಗೆ 12,113 ರೂಪಾಯಿ. ಇದು ಸರಿಯಾದ ಲೆಕ್ಕನಾ?

ಬೆಣ್ಣೆನಗರಿ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ 2011ರಲ್ಲಿ ನಿವೃತ್ತರಾದರು. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಪ್ಪ ಇದ್ದಾಗ ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗ ಮುಂಗಡ ತಗೊಂಡಿದ್ದು) ಕಡಿತ ಹೋಗಿ ಕೈಗೆ 17 ಸಾವಿರ ಚಿಲ್ಲರೆ ಬರುತ್ತಿತ್ತು. ಈಗ ಅಮ್ಮನ ಖಾತೆಗೆ ತಿಂಗಳಿಗೆ 12,113 ಬೀಳುತ್ತಿದೆ. ಬ್ಯಾಂಕ್‌ನಲ್ಲಿ ಕೇಳಿದರೆ "ಕುಟುಂಬ ಪಿಂಚಣಿ ಅಂದ್ರೆ ಕಡಿಮೇನೇ ಇರುತ್ತೆ ಮೇಡಂ" ಅಂದರು, ಅಷ್ಟೇ. ಪೇಪರ್‌ನಲ್ಲಿ ಕನಿಷ್ಠ ಪಿಂಚಣಿ 13,500 ಮಾಡಿದ್ದಾರೆ ಅಂತ ಓದಿದ್ದೆ. ಹಾಗಾದರೆ ಅದು ಅಮ್ಮನಿಗೆ ಅನ್ವಯ ಆಗಲ್ವಾ? ಅಮ್ಮನಿಗೆ 68 ವರ್ಷ, ಶುಗರ್ ಇದೆ. ಜಗಳ ಆಡೋಕೆ ಹೋಗೋ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆದೆ.

ಲಾಠಿ ಇಳಿಸಿದವನು
ತಂಗಿ, ನಿಮ್ಮ ತಂದೆಯವರಿಗೆ ನಮನ. ನಾನೂ ಎಎಸ್‌ಐ ಆಗಿ 2017ರಲ್ಲಿ ಮನೆಗೆ ಬಂದವನು, ಹಾಸನ ಕಡೆ. ಬ್ಯಾಂಕಿನವರು ಹೇಳಿದ್ದು ಅರ್ಧ ನಿಜ. ನಮಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ನಾವು ಹೋದ ಮೇಲೆ ಹೆಂಡತಿಗೆ ಅದೇ ಮೂಲ ವೇತನದ ಶೇ 30. ಅಂದರೆ ನಮಗೆ ಹತ್ತು ರೂಪಾಯಿ ಬರುತ್ತಿದ್ದರೆ ಮನೆಯವರಿಗೆ ಆರು. ಇದನ್ನ ಸರ್ವಿಸ್‌ನಲ್ಲಿ ಇರುವಾಗ ನಮಗೆ ಯಾರೂ ಕೂರಿಸಿ ಹೇಳಲ್ಲ. ಬಂದೋಬಸ್ತ್‌ಗೆ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಹೇಳ್ತಾರೆ. ಲೆಕ್ಕ ಸರಿ ಇದೆಯಾ ಅನ್ನೋದನ್ನ ಖಜಾನೆ ಕೆಲಸ ಮಾಡಿದವರು ಇಲ್ಲಿ ಒಬ್ಬರಿದ್ದಾರೆ, ಅವರೇ ಹೇಳಲಿ.

ಖಜಾನೆ ಮಾಮ
ಕರೆದರು, ಬಂದೆ. ತಂಗ್ಯವ್ವ, ನೀನು 12,113 ಅಂತ ಪೂರ್ತಿ ಅಂಕಿ ಬರೆದಿದ್ದಕ್ಕೆ ಉಪಕಾರ ಆಯ್ತು. ಬಹಳ ಜನ "ಹನ್ನೆರಡು ಚಿಲ್ಲರೆ" ಅಂತಾರೆ, ಆ ಚಿಲ್ಲರೆಯಲ್ಲೇ ಎಲ್ಲ ಇರುತ್ತದೆ.

ನೋಡು. 6ನೇ ವೇತನ ಆಯೋಗದ ಕಾಲಕ್ಕೆ ರಾಜ್ಯದಲ್ಲಿ ಕನಿಷ್ಠ ಮೂಲ ವೇತನ 17,000, ಅದರ ಅರ್ಧ 8,500 ಕನಿಷ್ಠ ಪಿಂಚಣಿ. ಕನಿಷ್ಠ ಕುಟುಂಬ ಪಿಂಚಣಿಯೂ ಅಷ್ಟೇ. 2024ರ ಶುರುವಿನಲ್ಲಿ ತುಟ್ಟಿಭತ್ಯೆ ಶೇ 42.5 ಆಯ್ತು. 8,500ಕ್ಕೆ ಶೇ 42.5 ಸೇರಿಸು. 12,112 ರೂಪಾಯಿ 50 ಪೈಸೆ. ಪೂರ್ಣಾಂಕ ಮಾಡಿದರೆ 12,113.

ಅಂದರೆ ನಿಮ್ಮಮ್ಮನಿಗೆ ಇವತ್ತಿಗೂ ಹಳೆ ಕನಿಷ್ಠವೇ ಬರುತ್ತಿದೆ. 7ನೇ ಆಯೋಗ ಅವರ ಖಾತೆಯ ಬಾಗಿಲಿಗೆ ಬಂದೇ ಇಲ್ಲ. ಹೊಸ ಲೆಕ್ಕ 2022ರ ಜುಲೈ 1ರಿಂದ ಕಾಗದದ ಮೇಲೆ, 2024ರ ಆಗಸ್ಟ್ 1ರಿಂದ ಕೈಗೆ ದುಡ್ಡು. ಆವತ್ತಿಂದ ಕನಿಷ್ಠ 13,500. ಅದರ ಮೇಲೆ ಹೊಸ ತುಟ್ಟಿಭತ್ಯೆ. 2025ರ ಜನವರಿಯಿಂದ ಅದು ಶೇ 12.25. ಎರಡೂ ಸೇರಿ 15,154 ಬರಬೇಕಿತ್ತು.

ಬೆಣ್ಣೆನಗರಿ ಮಗಳು
ಮಾಮ, ಓದಿ ಕೈ ನಡುಗಿತು. ತಿಂಗಳಿಗೆ ಮೂರು ಸಾವಿರ! ಅಮ್ಮನ ಮಾತ್ರೆ ಖರ್ಚೇ ಅಷ್ಟು. ಅಪ್ಪನ ಹಳೆ ಸ್ಲಿಪ್‌ನಲ್ಲಿ ಮೂಲ ಪಿಂಚಣಿ 13,400 ಅಂತಿದೆ. ಅದಕ್ಕೂ ಇದಕ್ಕೂ ಹೊಂದುತ್ತಾ?

ಖಜಾನೆ ಮಾಮ
ಸರಿಯಾಗಿ ಹೊಂದುತ್ತದೆ. 13,400 ಅರ್ಧ ಅಂದರೆ ಪೂರ್ತಿ 26,800. ಅದರ ಶೇ 30 ಎಷ್ಟು? 8,040. ಕನಿಷ್ಠಕ್ಕಿಂತ ಕಡಿಮೆ, ಅದಕ್ಕೆ 8,500ಕ್ಕೆ ಏರಿಸಿದ್ದಾರೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮರೆತಿದ್ದಾರೆ. ಹೀಗೆ ಯಾಕೆ ಆಗುತ್ತದೆ ಅಂದರೆ, ಪಿಂಚಣಿದಾರ ತೀರಿಕೊಂಡು ಖಾತೆ ಹೆಂಡತಿ ಹೆಸರಿಗೆ ಬದಲಾಗುವ ಸಮಯಕ್ಕೂ ಪರಿಷ್ಕರಣೆ ಆದೇಶ ಬರುವ ಸಮಯಕ್ಕೂ ಹತ್ತಿರ ಹತ್ತಿರ ಬಿದ್ದರೆ ಕೆಲವು ಹೆಸರು ಪಟ್ಟಿಯಿಂದ ಜಾರುತ್ತವೆ. ಉದ್ದೇಶ ಏನೂ ಇರಲ್ಲ. ಆದರೆ ಕೇಳದೇ ಇದ್ದರೆ ಯಾರೂ ಹುಡುಕಿಕೊಂಡು ಬಂದು ಕೊಡುವುದೂ ಇಲ್ಲ.

ಬಾಕಿಯನ್ನೂ ಕೇಳು. 2024ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ತುಟ್ಟಿಭತ್ಯೆ ಶೇ 10.75 ಇತ್ತು, ತಿಂಗಳಿಗೆ 2,838 ಕಡಿಮೆ ಕೊಟ್ಟಿದ್ದಾರೆ. 2025ರ ಜನವರಿಯಿಂದ ಏಪ್ರಿಲ್‌ವರೆಗೆ 3,041. ಒಟ್ಟು 26 ಸಾವಿರದ ಮೇಲಾಗುತ್ತದೆ.

ಮಂಡ್ಯದ ರೈತ
ಕ್ಷಮಿಸಿ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪ 50 ವರ್ಷ ಕಬ್ಬು ಬೆಳೆದರು. ಅವರು ಹೋದ ಮೇಲೆ ಅಮ್ಮನಿಗೆ ಬರ್ತಿರೋದು ವಿಧವಾ ವೇತನ 800 ರೂಪಾಯಿ. ನೀವು 12 ಸಾವಿರ ಬಂತು 15 ಯಾಕೆ ಬರಲಿಲ್ಲ ಅಂತ ಲೆಕ್ಕ ಹಾಕ್ತಿದ್ದೀರಿ. ಸರ್ಕಾರದ ದುಡ್ಡು ಅಂದರೆ ನಮ್ಮ ದುಡ್ಡೂ ತಾನೇ?

ಲಾಠಿ ಇಳಿಸಿದವನು
ಅಣ್ಣ, 800 ಕಡಿಮೆ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಅಮ್ಮನಿಗೆ ಕಡಿಮೆ ಅಂತ ಈ ಅಮ್ಮನಿಗೂ ಬರಬೇಕಾದ್ದು ಬೇಡ ಅಂದ್ರೆ ಹೇಗೆ? ಪಿಂಚಣಿ ಅನ್ನೋದು ಸರ್ಕಾರ ಮನಸ್ಸು ಬಂದಾಗ ಕೊಡೋ ಭಿಕ್ಷೆ ಅಲ್ಲ, ಮಾಡಿದ ಕೆಲಸಕ್ಕೆ ಬರೋ ಹಕ್ಕು ಅಂತ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರ ಪ್ರಕರಣದಲ್ಲಿ ಹೇಳಿತು. ಅದಕ್ಕೇ ಆ ದಿನವನ್ನ ಪಿಂಚಣಿದಾರರ ದಿನ ಅಂತ ಮಾಡ್ತಾರೆ. ಗಣೇಶನ ಹಬ್ಬ, ದಸರಾ, ಚುನಾವಣೆ, ಒಂದು ಹಬ್ಬಕ್ಕೂ ನಾನು ಮನೇಲಿ ಇರಲಿಲ್ಲ. ಮಗಳ ನಾಮಕರಣದ ದಿನ ಕೂಡ ಬೇರೆ ಜಿಲ್ಲೆಯಲ್ಲಿ ಬಂದೋಬಸ್ತ್. ಮನೆ ಕಾದವಳು ನನ್ನ ಹೆಂಡತಿ. ಆ ಶೇ 30 ಅವಳದ್ದು, ನನ್ನದಲ್ಲ.

ಮಂಡ್ಯದ ರೈತ
ಸರಿ ಬಿಡಿ ಸಾರ್. ನಾನು ಹೇಳಿದ್ದು ಹೊಟ್ಟೆಕಿಚ್ಚಿಗಲ್ಲ. ಆ 800 ನೋಡಿದಾಗ ಸಿಟ್ಟು ಬರುತ್ತೆ ಅಷ್ಟೇ.

ರಿಸರ್ವ್ ಪೊಲೀಸ್ ಮನೆಯವಳು
ಇಲ್ಲಿ ಮೊದಲ ಸಲ ಬರೀತಿದ್ದೀನಿ. ನಮ್ಮ ಯಜಮಾನರು ಕೆಎಸ್‌ಆರ್‌ಪಿಯಲ್ಲಿದ್ದರು. 2016ರಲ್ಲಿ ಸರ್ವಿಸ್‌ನಲ್ಲಿ ಇರುವಾಗಲೇ ಹಾರ್ಟ್ ಅಟ್ಯಾಕ್ ಆಗಿ ಹೋದರು, ವಯಸ್ಸು 41. ಎರಡು ಮಕ್ಕಳು. ಮೊದಲು ಪಿಂಚಣಿ ಜಾಸ್ತಿ ಬರ್ತಿತ್ತು, 2018ರ ಪರಿಷ್ಕರಣೆ ಆದ ಮೇಲೆ ಮೂಲ ಪಿಂಚಣಿಯೇ 12,700ರ ಹತ್ತಿರ ಇತ್ತು. 2023ರಲ್ಲಿ ಒಂದು ತಿಂಗಳು ಇದ್ದಕ್ಕಿದ್ದ ಹಾಗೆ 8,500ಕ್ಕೆ ಇಳೀತು. ದೊಡ್ಡವನು ಆವಾಗ ಡಿಪ್ಲೊಮಾ ಎರಡನೇ ವರ್ಷ. ಯಾರೋ ನನ್ನ ಮೇಲೆ ಅರ್ಜಿ ಹಾಕಿದ್ದಾರೆ ಅಂದುಕೊಂಡು ಒಂದು ವಾರ ನಿದ್ದೆ ಮಾಡಿಲ್ಲ. ಆಮೇಲೆ ಗೊತ್ತಾಯ್ತು, ನಿಯಮಾನೇ ಹಾಗಂತೆ. 2025ರ ಜನವರಿಯಿಂದ ನನಗೂ 15,154 ಬರ್ತಿದೆ. ಬ್ಲೌಸ್ ಹೊಲೀತೀನಿ, ಹೇಗೋ ನಡೀತಿದೆ. ಆದರೆ ಆ ನಿಯಮ ಯಾಕೆ ಹಾಗೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಖಜಾನೆ ಮಾಮ
ತಾಯಿ, ಅದಕ್ಕೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಅಂತಾರೆ. ನೌಕರ ಏಳು ವರ್ಷ ಸೇವೆ ಮುಗಿಸಿ ಸರ್ವಿಸ್‌ನಲ್ಲೇ ತೀರಿಕೊಂಡರೆ ಮೊದಲ ಏಳು ವರ್ಷ ಶೇ 50 ಕೊಡುತ್ತಾರೆ. ಮನೆ ಒಮ್ಮೆಲೇ ಬೀಳದಿರಲಿ ಅಂತ. ಏಳು ವರ್ಷ ಮುಗಿದ ತಕ್ಷಣ ಶೇ 30. ನಿಯಮ ಇರೋದು ಹಾಗೆ. ಆದರೆ ನನ್ನನ್ನ ಕೇಳಿದರೆ ಇದು ತಪ್ಪು ಹೊತ್ತಿಗೆ ಇಳಿಯುವ ಏಣಿ. ಚಿಕ್ಕ ಮಕ್ಕಳು ಇದ್ದಾಗ ಜಾಸ್ತಿ ಕೊಡ್ತಾರೆ, ಕಾಲೇಜಿಗೆ ಬರೋ ಹೊತ್ತಿಗೆ ಕಿತ್ತುಕೊಳ್ತಾರೆ. ಇಳಿಸೋ ಮೊದಲು ಒಂದು ಕಾಗದ ಕಳಿಸೋಕೆ ಏನು ಖರ್ಚು? ಪಿಂಚಣಿ ಆದೇಶ, ನಾವು ಪಿಪಿಒ ಅಂತೀವಲ್ಲ, ಅದರಲ್ಲೇ ಯಾವ ದಿನಾಂಕದ ತನಕ ಹೆಚ್ಚಿನ ದರ ಅಂತ ಬರೆದಿರುತ್ತಾರೆ. ಆದರೆ ಗಂಡನನ್ನ ಕಳೆದುಕೊಂಡ ಆ ತಿಂಗಳಲ್ಲಿ ಅದನ್ನ ಓದೋ ಸ್ಥಿತಿಯಲ್ಲಿ ಯಾರಿರ್ತಾರೆ?

ಇನ್ನೊಂದು ಮಾತು, ಇಲ್ಲಿರುವ ಎಲ್ಲರಿಗೂ. ಕನಿಷ್ಠ ಪಿಂಚಣಿ, ಕನಿಷ್ಠ ಪಿಂಚಣಿ ಅಂತ ಎಲ್ಲರೂ ಮಾತಾಡ್ತೀರಿ. ಪೂರ್ತಿ ಸರ್ವಿಸ್ ಮಾಡಿದ ಯಾವ ಪೊಲೀಸನಿಗೂ ಈ 13,500 ನೇರವಾಗಿ ತಾಗೋದೇ ಇಲ್ಲ. ಯಾಕಂದ್ರೆ ಈಗ ಕಾನ್‌ಸ್ಟೇಬಲ್ ಸೇರಿದ ದಿನವೇ ಮೂಲ ವೇತನ 37,500. ಅರ್ಧ ಮಾಡಿದರೂ 18,750. ಆದರೆ ಅದೇ 37,500ಕ್ಕೆ ಶೇ 30 ಹಾಕಿ. 11,250! ಆಗ ಕನಿಷ್ಠದ ಲೆಕ್ಕ ಬಂದು ಕೈ ಹಿಡಿಯುತ್ತದೆ. ಮೂಲ ವೇತನ 45,000 ದಾಟುವ ತನಕ ಹೆಂಡತಿಗೆ ಸಿಗೋದು ಆ 13,500 ಮಾತ್ರ. ಸರ್ವಿಸ್ ಅರ್ಧದಲ್ಲೇ ತೀರಿಕೊಂಡವರ ಮನೆಯವರು, ತೀರಾ ಹಳಬರ ಮನೆಯವರು, ಇವರೇ ಅಲ್ಲಿ ನಿಂತಿರೋದು. ಕನಿಷ್ಠ ಪಿಂಚಣಿ ಅನ್ನೋದು ಪೊಲೀಸರ ಅಂಕಿ ಅಲ್ಲ, ಅವರ ಹೆಂಡತಿಯರ ಅಂಕಿ. ಸಂಘದವರು ಬೇಡಿಕೆ ಪಟ್ಟಿ ಬರೆಯುವಾಗ ಇದನ್ನ ಕೊನೇ ಸಾಲಿಗೆ ಹಾಕ್ತಾರೆ, ಯಾಕಂದ್ರೆ ಪಟ್ಟಿ ಬರೆಯೋರು ಗಂಡಸರು.

ಲಾಠಿ ಇಳಿಸಿದವನು
ಮಾಮ ಕೊನೇ ಮಾತು ಚುಚ್ಚಿತು. ನಿಜ. ನಾವು ಹತ್ತು ವರ್ಷದಿಂದ ಕೂಗ್ತಿರೋದು ಪೊಲೀಸರ ವೇತನ ಏರಿಸಿ ಅಂದ ಔರಾದ್ಕರ್ ವರದಿ ಬಗ್ಗೆ. ಆ ವರದಿ ಪ್ರಕಾರ 2019ರ ಆಗಸ್ಟ್ 1ರಿಂದ ಕಾನ್‌ಸ್ಟೇಬಲ್ ವೇತನ ಶ್ರೇಣಿ 23,500ರಿಂದ ಶುರುವಾಯ್ತು. ಅದಕ್ಕೂ ಮೊದಲು ಮನೆಗೆ ಹೋದ ನಮಗೆ ಏನೂ ಇಲ್ಲ. ನನ್ನ ಕೈಕೆಳಗೆ ಕೆಲಸ ಕಲಿತವನು ಇವತ್ತು ನನಗಿಂತ ಜಾಸ್ತಿ ಪಿಂಚಣಿ ತಗೋತಾನೆ, ಮದುವೆ ಮನೇಲಿ ಸಿಕ್ಕರೆ "ಸಾರ್ ನಿಮಗೆಷ್ಟು ಬರುತ್ತೆ" ಅಂತ ಬೇಕಂತಲೇ ಕೇಳ್ತಾನೆ! ಆ ಸಿಟ್ಟಲ್ಲಿ ಹೆಂಡತಿಯ ಶೇ 30ರ ಬಗ್ಗೆ ಒಂದು ದಿನವೂ ಯೋಚನೆ ಮಾಡಿಲ್ಲ ನಾನು.

ಜುಲೈ ಗ್ಯಾಪ್
ನಮ್ಮ ಗೋಳೂ ಸ್ವಲ್ಪ ಕೇಳಿ. 2022ರ ಜುಲೈ 1ರಿಂದ 2024ರ ಜುಲೈ 31ರ ಒಳಗೆ ನಿವೃತ್ತರಾದವರು ನಾವು. ಪಿಂಚಣಿ ಹೊಸ ಲೆಕ್ಕಕ್ಕೆ ಬಂತು. ಆದರೆ ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆ ನಗದು, ಎಲ್ಲ ಹಳೇ ಮೂಲ ವೇತನದ ಮೇಲೆ. ಒಂದು ತಿಂಗಳು ಆಮೇಲೆ ನಿವೃತ್ತನಾದವನಿಗೂ ನನಗೂ ಲಕ್ಷಗಟ್ಟಲೆ ವ್ಯತ್ಯಾಸ. ಫ್ರೀಡಂ ಪಾರ್ಕ್‌ನಲ್ಲಿ ಕೂತು ಬಂದೆವು, ಮೊದಲು ಅಲ್ಲಿ ಬಂದೋಬಸ್ತ್‌ಗೆ ನಿಲ್ಲುತ್ತಿದ್ದವನು ನಾನು. ಈ ಸಲ ಬ್ಯಾರಿಕೇಡ್‌ನ ಆ ಕಡೆ ನಿಂತೆ. ಡ್ಯೂಟಿಯಲ್ಲಿದ್ದ ಹುಡುಗ ನೀರಿನ ಬಾಟಲಿ ತಂದುಕೊಟ್ಟ.

ಪಿಸಿ 2009 ಬ್ಯಾಚ್
ಹಿರಿಯರೇ, ನೀವೆಲ್ಲ ಕನಿಷ್ಠ ಎಷ್ಟು ಅಂತ ಚರ್ಚೆ ಮಾಡ್ತಿದ್ದೀರಿ. ನಮಗೆ ಆ ಪದವೇ ಇಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ನಾವೆಲ್ಲ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಪದ್ಧತಿ. ನನ್ನ ಸಂಬಳದಿಂದ ಶೇ 10 ಹೋಗುತ್ತೆ, ಸರ್ಕಾರ ಶೇ 14 ಹಾಕುತ್ತೆ. 60 ವರ್ಷಕ್ಕೆ ಮಾರುಕಟ್ಟೆ ಎಷ್ಟು ಕೊಟ್ಟಿದೆಯೋ ಅಷ್ಟು. ಅದರಲ್ಲಿ ಕನಿಷ್ಠ ಶೇ 40 ಆನ್ಯುಟಿಗೆ, ಅಂದರೆ ವಿಮಾ ಕಂಪನಿಯ ಪಿಂಚಣಿ ಯೋಜನೆಗೆ ಹಾಕಬೇಕು, ಅದರಿಂದ ಬರೋದೇ ಪಿಂಚಣಿ. ತುಟ್ಟಿಭತ್ಯೆ ಇಲ್ಲ, ವೇತನ ಆಯೋಗ ಇಲ್ಲ. ಕೇಂದ್ರದವರಿಗೆ 2025ರ ಏಪ್ರಿಲ್‌ನಿಂದ ಯುಪಿಎಸ್ ಅನ್ನೋ ಏಕೀಕೃತ ಪಿಂಚಣಿ ಯೋಜನೆ ಬಂತು, ಅದರಲ್ಲಿ ಹತ್ತು ವರ್ಷ ಸೇವೆ ಇದ್ದರೆ ತಿಂಗಳಿಗೆ ಕನಿಷ್ಠ 10,000 ಖಾತ್ರಿ. ನಮಗೆ ಆ ಖಾತ್ರಿಯೂ ಇಲ್ಲ. 2024ರ ಜನವರಿಯಲ್ಲಿ ಹಳೆ ಪಿಂಚಣಿ ವಾಪಸ್ ಕೊಟ್ಟಿದ್ದು ಸುಮಾರು 13 ಸಾವಿರ ಜನಕ್ಕೆ ಮಾತ್ರ. 2006ಕ್ಕೆ ಮೊದಲು ನೇಮಕಾತಿ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಬಂದವರು ಅವರು.

ರಿಸರ್ವ್ ಪೊಲೀಸ್ ಮನೆಯವಳು
ತಮ್ಮಾ, ಡ್ಯೂಟಿಯಲ್ಲಿ ಏನಾದರೂ ಆದರೆ ನಿಮ್ಮ ಮನೆಯವರಿಗೆ?

ಪಿಸಿ 2009 ಬ್ಯಾಚ್
ಅಕ್ಕಾ, ಸರ್ವಿಸ್‌ನಲ್ಲಿ ಇರುವಾಗ ಸತ್ತರೆ ಎನ್‌ಪಿಎಸ್‌ನವರ ಮನೆಯವರಿಗೂ ಕುಟುಂಬ ಪಿಂಚಣಿ ಕೊಡ್ತಾರೆ, ಅದಕ್ಕೆ ರಾಜ್ಯದಲ್ಲಿ ಆದೇಶ ಆಗಿದೆ. ಹಾಗಾಗಿ ನಮ್ಮ ಠಾಣೆಯಲ್ಲಿ ಒಂದು ಕೆಟ್ಟ ಜೋಕ್ ಇದೆ. ಸತ್ತರೆ ಹೆಂಡತಿಗೆ ಪಿಂಚಣಿ ಗ್ಯಾರಂಟಿ, ಬದುಕಿ ನಿವೃತ್ತಿ ಆದರೆ ಯಾರಿಗೂ ಇಲ್ಲ ಅಂತ. ನಗ್ತೀವಿ, ಆಮೇಲೆ ಸುಮ್ನಾಗ್ತೀವಿ.

ಜಯನಗರದ ಲೆಕ್ಕಿಗ
ಮಧ್ಯೆ ಒಂದು ಸಣ್ಣ ವಿಷಯ. ಕೆಲವರು "ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಅಲ್ವಾ" ಅಂತ ನನ್ನ ಹತ್ತಿರ ಕೇಳ್ತಾರೆ. ಅದು ಪಿಎಫ್‌ನವರ ಇಪಿಎಸ್ 95, ಖಾಸಗಿ ಕಂಪನಿ, ಕಾರ್ಖಾನೆಯವರದ್ದು. 2014ರಿಂದ ಅಲ್ಲೇ ನಿಂತಿದೆ ಪಾಪ. ಪೊಲೀಸರಿಗೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ತೆರಿಗೆ: ಗಂಡನ ಪಿಂಚಣಿ ಸಂಬಳದ ಲೆಕ್ಕಕ್ಕೆ ಬರುತ್ತದೆ, ಕುಟುಂಬ ಪಿಂಚಣಿ "ಇತರ ಮೂಲ"ದ ಆದಾಯಕ್ಕೆ. ಹೊಸ ತೆರಿಗೆ ಪದ್ಧತಿಯಲ್ಲಿ ಕುಟುಂಬ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. 15 ಸಾವಿರ ಪಿಂಚಣಿ ಬಿಟ್ಟು ಬೇರೆ ಆದಾಯ ಇಲ್ಲದವರಿಗೆ ತೆರಿಗೆ ಬರಲ್ಲ, ಭಯ ಬೇಡ. ಗೃಹಲಕ್ಷ್ಮಿ ನಿಲ್ಲೋದು ತೆರಿಗೆ ಕಟ್ಟೋ ಮನೆಗಳಿಗೆ. ಪಿಂಚಣಿ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಅರ್ಜಿ ಹಾಕದೇ ಬಿಟ್ಟವರು ಒಮ್ಮೆ ವಿಚಾರಿಸಿ.

ಬೆಣ್ಣೆನಗರಿ ಮಗಳು
ಅಮ್ಮನ ಖಾತೆಯಲ್ಲಿ ಅಪ್ಪನ ಕಮ್ಯುಟೇಶನ್ ಇನ್ನೂ ಕಡಿತ ಆಗ್ತಿರಬಹುದಾ? ಅಪ್ಪ 2011ರಲ್ಲಿ ತಗೊಂಡಿದ್ದು, 15 ವರ್ಷ ಅಂದರೆ 2026 ಆಗುತ್ತೆ.

ಖಜಾನೆ ಮಾಮ
ಇಲ್ಲ. ಅದು ಅವರ ಪಿಂಚಣಿಯ ಭಾಗ ಮುಂಗಡ ತಗೊಂಡಿದ್ದು, ಅವರ ಜೊತೆಗೇ ಮುಗಿಯಿತು. ಕುಟುಂಬ ಪಿಂಚಣಿಯಿಂದ ಕಮ್ಯುಟೇಶನ್ ಹಿಡಿಯುವ ಹಾಗಿಲ್ಲ. ಎಲ್ಲಾದರೂ ಹಿಡಿದಿದ್ದರೆ ಅದನ್ನೂ ವಾಪಸ್ ಕೇಳಬೇಕು.

ಈಗ ಅರ್ಜಿ ವಿಷಯ. ಬಾಯಲ್ಲಿ ಕೇಳಬೇಡ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ. ಒಂದು ಹಾಳೆಯಲ್ಲಿ ಅಮ್ಮನ ಹೆಸರು, ಪಿಪಿಒ ನಂಬರ್, ಈಗ ಬರುತ್ತಿರೋದು, ಬರಬೇಕಾದ್ದು, ಎಂದಿನಿಂದ ಅಂತ ಬರಿ. ನಾನು ಮೇಲೆ ಹಾಕಿದ ಲೆಕ್ಕ ಹಾಗೇ ಬರೆದರೂ ಸಾಕು. ಪಿಪಿಒ ಪ್ರತಿ, ಪಾಸ್ ಬುಕ್ ಪ್ರತಿ ಸೇರಿಸು. ಬ್ಯಾಂಕ್‌ನ ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೋ. ಪಿಂಚಣಿ ಲೆಕ್ಕ ನಡೆಯೋದು ಶಾಖೆಯಲ್ಲಲ್ಲ, ಬ್ಯಾಂಕ್‌ನ ಪಿಂಚಣಿ ಕೇಂದ್ರದಲ್ಲಿ. ಅದಕ್ಕೆ "ಅಲ್ಲಿಗೆ ಯಾವತ್ತು ಕಳಿಸಿದಿರಿ" ಅಂತ ಒಂದು ವಾರ ಬಿಟ್ಟು ಕೇಳು. ಅಲ್ಲೂ ಆಗದಿದ್ದರೆ ಜಿಲ್ಲಾ ಖಜಾನೆಗೆ ಅದೇ ಅರ್ಜಿ.

ಲಾಠಿ ಇಳಿಸಿದವನು
ಜೊತೆಗೆ ಎಸ್‌ಪಿ ಕಚೇರಿಯ ಪಿಂಚಣಿ ವಿಭಾಗಕ್ಕೂ ಒಂದು ಪ್ರತಿ ಕೊಡಿ ತಂಗಿ. ಅಪ್ಪನ ಬ್ಯಾಚಿನವರು ಯಾರಾದರೂ ಊರಲ್ಲಿದ್ದರೆ ಅವರನ್ನ ಕರ್ಕೊಂಡು ಹೋಗಿ. ನಮ್ಮ ಇಲಾಖೆಯಲ್ಲಿ ಹಳೇ ದಫೇದಾರ್ ಒಬ್ಬರು ಬಾಗಿಲಲ್ಲಿ ನಿಂತರೆ ಕಡತ ತಾನಾಗಿಯೇ ಮೇಲೆ ಬರುತ್ತೆ. ಏಪ್ರಿಲ್ 2ರ ಧ್ವಜ ದಿನಕ್ಕೆ ನಮ್ಮನ್ನ ಕರೆದು ಶಾಲು ಹೊದಿಸ್ತಾರೆ, ಆ ದಿನ ಸಿಕ್ಕವರ ಹತ್ತಿರ ಫೋನ್ ನಂಬರ್ ತಗೊಂಡು ಇಟ್ಕೊಂಡಿರ್ತೀವಿ. ಇಂಥ ಕೆಲಸಕ್ಕೇ.

ಮೈಸೂರು ಮೊಮ್ಮಗ
ನಮ್ಮ ಅಜ್ಜಿಯ ಕಥೆ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ತಾತ ಹಳೇ ಕಾಲದ ಪೇದೆ. 80 ತುಂಬಿದರೆ ಮೂಲ ಪಿಂಚಣಿ ಮೇಲೆ ಶೇ 20 ಜಾಸ್ತಿ ಸಿಗುತ್ತೆ. ಅಜ್ಜಿಗೆ 80 ಆಗಿ ಎರಡು ವರ್ಷ ಆಗಿತ್ತು, ಯಾರೂ ಕೊಟ್ಟಿರಲಿಲ್ಲ. ಯಾಕೆ ಅಂತ ನೋಡಿದರೆ ಪಿಪಿಒದಲ್ಲಿ ಅಜ್ಜಿಯ ಹುಟ್ಟಿದ ದಿನಾಂಕದ ಜಾಗ ಖಾಲಿ! ಅಜ್ಜಿ ಹುಟ್ಟಿದ್ದು "ದೊಡ್ಡ ಮಳೆ ಬಂದ ವರ್ಷ". ಶಾಲೆಗೆ ಹೋದವರಲ್ಲ. ಆಧಾರ್‌ನಲ್ಲಿ ಜನವರಿ 1 ಅಂತ ಯಾರೋ ಹಾಕಿದ್ದಾರೆ. ಅದನ್ನೇ ಇಟ್ಟುಕೊಂಡು ಅರ್ಜಿ ಹಾಕಿ, ಓಡಾಡಿ, ಕೊನೆಗೆ ಸಿಕ್ಕಿತು. ಎಂಟು ತಿಂಗಳು ಹಿಡೀತು. ಅಜ್ಜಿ ಮೊದಲ ತಿಂಗಳ ದುಡ್ಡಲ್ಲಿ ನನಗೆ ಶರ್ಟು ಕೊಡಿಸಿದರು.

ಖಜಾನೆ ಮಾಮ
ಈ ಹುಡುಗ ಹೇಳಿದ್ದು ಬಂಗಾರದಂಥ ಮಾತು. ನಿವೃತ್ತ ಪೊಲೀಸರು ಯಾರು ಓದ್ತಿದ್ದೀರೋ, ಇವತ್ತು ರಾತ್ರಿ ಊಟ ಆದ ಮೇಲೆ ಟ್ರಂಕ್‌ನಿಂದ ಪಿಪಿಒ ತೆಗೀರಿ. ಹೆಂಡತಿ ಹೆಸರು ಇದೆಯಾ, ಹುಟ್ಟಿದ ದಿನಾಂಕ ಇದೆಯಾ, ಆಧಾರ್‌ಗೆ ಹೊಂದುತ್ತಾ, ಜಂಟಿ ಫೋಟೋ ಇದೆಯಾ ನೋಡಿ. ನೀವು ಜೀವಂತ ಇರುವಾಗ ಇದು ಒಂದು ಅರ್ಜಿ, ಒಂದು ಸಹಿ. ಹೋದ ಮೇಲೆ ಅದೇ ಕೆಲಸಕ್ಕೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಫಿಡವಿಟ್ಟು, ಸಾಕ್ಷಿ. ಎರಡನೇ ಮದುವೆ ಗಿದುವೆ ಇದ್ದವರಂತೂ ದಯವಿಟ್ಟು ಬದುಕಿರುವಾಗಲೇ ಸತ್ಯ ಬರೆದಿಡಿ. ಹಿಂದೂ ಕಾನೂನಿನಲ್ಲಿ ಮೊದಲ ಹೆಂಡತಿ ಇರುವಾಗ ಆದ ಮದುವೆಗೆ ಮಾನ್ಯತೆ ಇಲ್ಲ, ಆ ತಾಯಿಗೆ ಪಿಂಚಣಿ ಸಿಗಲ್ಲ. ಇಬ್ಬರು ಹೆಂಗಸರು ಕೌಂಟರ್ ಮುಂದೆ ಅಳೋದನ್ನ ನಾನು ನೋಡಿದ್ದೀನಿ. ಗೋಡೆ ಮೇಲೆ ಗಂಡಸಿನ ಫೋಟೋಗೆ ಹಾರ ಹಾಕಿರ್ತಾರೆ, ಅವನಿಗೇನು.

ಮಂಡ್ಯದ ರೈತ
ಮಾಮ, ನನ್ನ ಭಾವ ಕಾನ್‌ಸ್ಟೇಬಲ್, 2003ರಲ್ಲಿ ಸೇರಿದ್ದು. ನಿಮ್ಮ ಬರಹ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಕೇಳಿದ ಮೊದಲ ಪ್ರಶ್ನೆ, "ನನ್ನ ಹೆಸರು ಅದರಲ್ಲಿ ಇದೆಯಾ ಇಲ್ವಾ?" ಭಾವ ಉತ್ತರ ಕೊಡದೆ ಹೊಲದ ಕಡೆ ಹೋದರು.

ಬೆಣ್ಣೆನಗರಿ ಮಗಳು
ತುಂಬಾ ದಿನ ಆಯ್ತು, ತಡವಾಗಿ ಬಂದೆ. ಅರ್ಜಿ ಕೊಟ್ಟೆ, ಸೀಲು ಹಾಕಿಸಿಕೊಂಡೆ. ಮೊದಲ ಸಲ "ಮೇಲಿನಿಂದ ಆದೇಶ ಬಂದಿಲ್ಲ" ಅಂದರು. ಅಪ್ಪನ ಜೊತೆ ಕೆಲಸ ಮಾಡಿದ ದಫೇದಾರ್ ಅಂಕಲ್ ಬಂದರು. ಏನೂ ಮಾತಾಡಲಿಲ್ಲ, ಕುರ್ಚಿ ಎಳ್ಕೊಂಡು ಕೂತರು. ಮ್ಯಾನೇಜರ್ ಎದ್ದು ಬಂದು ಲೆಕ್ಕದ ಹಾಳೆ ಕೈಗೆ ತಗೊಂಡರು, ಅವರೇ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಎರಡು ತಿಂಗಳ ಮೇಲೆ ಹೊಸ ಪಿಂಚಣಿ ಬಂತು. ಬಾಕಿ ಮಾತ್ರ ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಅಂತ ಹೇಳ್ತಿದ್ದಾರೆ.

ಅಮ್ಮನಿಗೆ ಮೆಸೇಜ್ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು. "ನಿಮ್ಮಪ್ಪ ಇದ್ದಿದ್ದರೆ ಇಷ್ಟು ದಿನ ಬಿಡ್ತಿರಲಿಲ್ಲ" ಅಂದರು. ಅಪ್ಪ ಯಾವತ್ತೂ ತಮ್ಮ ಟಿಎ ಬಿಲ್ ಕೂಡ ಸರಿಯಾಗಿ ಬರೆದವರಲ್ಲ, ನಾನು ಅದನ್ನ ಹೇಳಲಿಲ್ಲ.

ಲಾಠಿ ಇಳಿಸಿದವನು
ಸಂತೋಷ ತಂಗಿ. ಬಾಕಿ ಬರೋ ತನಕ ಬಿಡಬೇಡಿ, ಬಂದ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಮಾಮ, ನಾನೂ ಪಿಪಿಒ ತೆಗೆದು ನೋಡಿದೆ. ಹೆಂಡತಿಯ ಹೆಸರು ಮನೇಲಿ ಕರೆಯೋ ಹೆಸರಲ್ಲಿದೆ, ಆಧಾರ್‌ನಲ್ಲಿ ಬೇರೆ. ಹುಟ್ಟಿದ ವರ್ಷದಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು ಅಂತ ಬರೆದಿದ್ದಾರೆ. ಅವಳಿಗೆ ತೋರಿಸಿದ್ದೇ ತಪ್ಪಾಯ್ತು. ಸೋಮವಾರ ಅರ್ಜಿ ಹಿಡ್ಕೊಂಡು ಹೋಗ್ತಿದ್ದೀನಿ, ಅವಳೂ ಜೊತೆಗೆ ಬರ್ತಾಳಂತೆ.